ಕೋಳಿಮರಿ ವ್ಯಾನಿನ ಅಳಿಯ

ನಮ್ಮ ವ್ಯಾನಿನ ಹಿಂಬಾಗಿಲ ಮೇಲೆ ಒಂದು ಹಳದಿ ಕೋಳಿಮರಿಯ ಚಿತ್ರವಿದೆ. ಅದನ್ನು ಅಳಿಸಿ, ನಾಯಿಗಳನ್ನು ಎಲ್ಲಾದರೂ ಬಿಟ್ಟು, ಆಮೇಲೆ ಮನೆಗೆ ಬನ್ನಿ ಎಂದು ನನ್ನ ಮಾವ ಹೇಳಿ ವರ್ಷ ದಾಟಿತ್ತು. ಕೋಳಿಮರಿಯೂ ಹಾಗೇ ಇತ್ತು, ನಾಯಿಗಳೂ ಹಾಗೇ ಇದ್ದವು. ನಾವು ಮಾತ್ರ ಆ ಮನೆಗೆ ಹೋಗಿರಲಿಲ್ಲ.

ವ್ಯಾನು ಮೊದಲು ಈ ತಮಿಳು ಸೀಮೆಯ ಪಲ್ಲಡಂ ಕಡೆಯ ಒಂದು ಹ್ಯಾಚರಿಯಲ್ಲಿ ದುಡಿಯುತ್ತಿತ್ತು. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ಕೋಳಿ ಫಾರಂಗಳಿಗೆ ತಲುಪಿಸುವುದು ಅದರ ಕೆಲಸ. ಅದಕ್ಕೆ ವಯಸ್ಸಾದಾಗ ನಾವು ಕೊಂಡೆವು. ಪೀಳಮೇಡಿನಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಲೇತ್ ಶೆಡ್ಡಿನವನು ಎರಡು ಕಿಟಕಿ ಕೊರೆದು, ಮಡಚುವ ಮಂಚ ಬೆಸೆದು, ನೀರಿನ ಡ್ರಮ್ಮಿಗೊಂದು ನಲ್ಲಿ ಕೂರಿಸಿಕೊಟ್ಟ. ನನ್ನ ಹೆಂಡತಿ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ತಪಾಸಣೆ ಮಾಡುವವಳು. ಹಾಗಾಗಿ ನಮ್ಮ ಪರದೆಗಳೆಲ್ಲ ವಿದೇಶಕ್ಕೆ ಹೋಗಬೇಕಾಗಿ ಹೋಗದೆ ಉಳಿದ ಮಾಲು. ಒಂದರ ಮೇಲೆ ಡೈನೋಸಾರಿನ ಬಾಲ ಮಾತ್ರ ಇದೆ. ತಲೆ ಯಾವ ದೇಶದ ಮಗುವಿನ ಹೊಟ್ಟೆಯ ಮೇಲಿದೆಯೋ ಗೊತ್ತಿಲ್ಲ.

ನಾಯಿಗಳು ಎರಡು. ಹಿರಿಯಳು ನನ್ನ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಬನ್ನು ತಿಂದು ಬೆಳೆದವಳು. ಈಗ ಕಿವಿ ಕೇಳಿಸುವುದಿಲ್ಲ, ಹಲ್ಲು ಅರ್ಧ ಹೋಗಿವೆ, ಆದರೆ ಮುಖದಲ್ಲಿ ಮ್ಯಾನೇಜರ್ ಕಳೆ ಉಳಿದಿದೆ. ಕಿರಿಯ ಉದ್ದ ಕಾಲಿನ ಹುಟ್ಟು ಪುಕ್ಕಲ. ಸೀಲಿಂಗ್ ಫ್ಯಾನಿಗೆ ಬೊಗಳುತ್ತಾನೆ, ಬೆಕ್ಕು ಕಂಡರೆ ನನ್ನ ಹಿಂದೆ ನಿಲ್ಲುತ್ತಾನೆ. ನಾನು ಅವನ ಹಿಂದೆ ನಿಲ್ಲೋಣ ಎಂದುಕೊಂಡಿರುತ್ತೇನೆ, ಅಷ್ಟರಲ್ಲಿ ಅವನೇ ಮುಂಚೆ ಬಂದುಬಿಡುತ್ತಾನೆ. ನಾಯಿಗಳಿಗೆ ಜಾಗ ಇದೆ ಎಂದು ಬೋರ್ಡು ಹಾಕಿಕೊಂಡ ಲಾಡ್ಜೊಂದರಲ್ಲಿ ಇವರಿಬ್ಬರನ್ನೂ ಜನರೇಟರ್ ಪಕ್ಕ ಕಟ್ಟಿಹಾಕಿ ಎಂದಿದ್ದರು. ಆ ದಿನವೇ ನನ್ನ ಹೆಂಡತಿ, "ನಮ್ ರೂಮು ನಾವೇ ಓಡಿಸ್ಕೊಂಡ್ ಹೋಗೋಣ," ಎಂದಳು. ಶನಿವಾರ ಬಂತೆಂದರೆ ನಾಲ್ಕೂ ಜನ ಹೊರಡುತ್ತಿದ್ದೆವು. ನಾಲ್ಕು ಜನ ಎಂದು ಬೇಕೆಂದೇ ಬರೆದಿದ್ದೇನೆ, ತಿದ್ದುವುದಿಲ್ಲ.

ಕೋಳಿಮರಿಯ ಚಿತ್ರದಿಂದ ಎಲ್ಲಿ ನಿಂತರೂ ವ್ಯಾಪಾರ. ಹಳ್ಳಿಗಳಲ್ಲಿ ಹೆಂಗಸರು ಬಂದು ಮರಿ ಎಷ್ಟು ಎಂದು ಕೇಳುತ್ತಾರೆ. ತೊಂಡಾಮುತ್ತೂರಿನಲ್ಲಿ ಬೆಟ್ಟದ ಬುಡಕ್ಕೆ ವ್ಯಾನು ನಿಲ್ಲಿಸಿ ಅಡುಗೆಗೆ ಕೂತಿದ್ದಾಗ ಒಬ್ಬ ಅಜ್ಜಿ ಬಂದು ನನ್ನೆದುರು ಎರಡೂ ಕಣ್ಣು ಅಗಲಿಸಿ ನಿಂತುಬಿಟ್ಟರು. ಕಣ್ಣಿನ ಕ್ಯಾಂಪಿನ ವ್ಯಾನು ಎಂದು ಅವರಿಗೆ ಯಾರೋ ಹೇಳಿದ್ದರಂತೆ. ನಾನು ಹುಟ್ಟಿದ್ದೇ ಮಿಮಿಕ್ರಿಗೆ. ಡಾಕ್ಟರ್ ದನಿ ಗಂಟಲಿಗೆ ಬಂದೇಬಿಟ್ಟಿತ್ತು, ಹೆಂಡತಿ ಸೌಟು ತೋರಿಸಿದಳು, ನುಂಗಿಕೊಂಡೆ. ಅವತ್ತು ಸಂಜೆ ಫಾರೆಸ್ಟ್ ಗಾರ್ಡ್ ಬಂದು, ನಾಯಿ ಬೊಗಳಿದರೆ ಆನೆಗೆ ಸಿಟ್ಟು ಬರುತ್ತದೆ, ಇಲ್ಲಿ ಮಲಗಬೇಡಿ ಎಂದು ತಮಿಳಿನಲ್ಲಿ ಗದರಿದರು. ನಮ್ಮ ಕಿರಿಯ ಅದಾಗಲೇ ಸೀಟಿನ ಕೆಳಗೆ ಮಲಗಿ, ಆನೆಗೆ ಸಿಟ್ಟು ಬರಿಸುವ ಯೋಚನೆ ತನಗಿಲ್ಲವೆಂದು ತೋರಿಸಿಕೊಟ್ಟಿದ್ದ.

ನಾನು ದಾವಣಗೆರೆ ಕಡೆಯವನು, ಕೆಲಸಕ್ಕೆಂದು ಇಲ್ಲಿಗೆ ಬಂದವನು. ಹೆಂಡತಿಯ ಮನೆಯವರು ಯಾವ ಕಾಲದಲ್ಲೋ ಇಲ್ಲಿಗೆ ಬಂದು ಬೇರೂರಿದ ಕನ್ನಡದ ಒಕ್ಕಲು ಮಂದಿ. ಮಡತ್ತುಕುಳಂ ಹತ್ತಿರ ಅಮರಾವತಿ ನೀರಿನ ಗದ್ದೆ, ಒಂದಿಷ್ಟು ತೆಂಗು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಅಕ್ಷರ ಮಾತ್ರ ತಮಿಳಿನದೇ. ನಾನು ಈಗ ಬರೆಯುತ್ತಿರುವುದನ್ನು ನನ್ನ ಹೆಂಡತಿ ಓದಲಾರಳು, ನಾನೇ ಓದಿ ಹೇಳಬೇಕು. ಬೇಕಾದ ಕಡೆ ಸಾಲು ಹಾರಿಸುವ ಅನುಕೂಲವಿದೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ಓದುತ್ತಾಳೆ, ಅದೇ ಕಷ್ಟ.

ಮೊದಲ ಸಲ ಮಾತಾಡಿದಾಗ ಮಾವ ನನ್ನ ಕನ್ನಡವನ್ನು ತಲೆ ವಾರೆ ಮಾಡಿ ಕೇಳಿಸಿಕೊಂಡು, "ಮಾಪ್ಳೆ ರೇಡಿಯೋ ನ್ಯೂಸ್ ಓದ್ದಂಗೆ ಮಾತಾಡ್ತಾರೆ," ಎಂದಿದ್ದರು. ಮಾಪ್ಳೆ ಎಂದರೆ ಅಳಿಯ. ಆ ಮಾತಿನಲ್ಲಿ ಹೊಗಳಿಕೆಯಿರಲಿಲ್ಲ.

ಜಗಳವಾದದ್ದು ತಲೆದೀಪಾವಳಿಗೆ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಮಗಳು ಅಳಿಯ ಆ ಮನೆಗೆ ಹೋಗಲೇಬೇಕು, ಇಲ್ಲಿ ಅದು ಮದುವೆಯಷ್ಟೇ ದೊಡ್ಡದು. ನಾವು ಹೊಸ ಬಟ್ಟೆ ಹಾಕಿಕೊಂಡು, ನಾಯಿಗಳಿಗೆ ಸ್ನಾನ ಮಾಡಿಸಿ, ವ್ಯಾನಿನಲ್ಲಿ ಹೋದೆವು. ಓಣಿಯ ಜನ ಹೊರಗೆ ಬಂದು ನಿಂತಿದ್ದರು. ಮಾವ ಬಿಳಿ ಪಂಚೆ ಉಟ್ಟು ಗೇಟಿನ ಬಳಿ ಇದ್ದರು. ವ್ಯಾನು ತಿರುಗಿ ಹಿಂಬದಿ ಕಂಡಿತು. ಯಾರೋ, "ಮಾಪ್ಳೆ ಕೋಳಿ ವಂಡೀಲಿ ಬಂದವ್ರೆ!" ಎಂದು ಕೂಗಿದರು. ನಗು ಓಣಿಯ ಆ ತುದಿಗೂ ಹೋಯಿತು.

ಮಾವನ ಮುಖ ಪಂಚೆಗಿಂತ ಬಿಳಿಯಾಯಿತು. "ವಂಡಿ ಹೊರಗೇ ಇರ್ಲಿ. ನಾಯಿ ಗೇಟು ದಾಟ್ಬಾರ್ದು. ನೀವಿಬ್ರೂ ಒಳಗೆ ಬನ್ನಿ ಮಾಪ್ಳೆ."

"ಅವ್ರಿಬ್ರೂ ಎಲ್ಲಿರ್ಬೇಕಪ್ಪಾ?" ಎಂದು ಹೆಂಡತಿ ಕೇಳಿದಳು.

"ಎಲ್ಲಾದ್ರೂ ಬಿಟ್ಬುಟ್ಟು ಬಾ. ಆ ಕೋಳೀನೂ ಅಳಿಸ್ಬುಟ್ಟು ಬಾ. ಇರೋಕೆ ಮನೆ ಇಲ್ದವ್ನಿಗೆ ಮಗಳ್ನ ಕೊಟ್ಟೆ ಅಂತ ಊರು ನಗೋದ್ ಬೇಡ."

"ಅವ್ರು ಬರದಿರೋ ಮನೆಗೆ ನಾನೂ ಬರಲ್ಲ."

"ಹಂಗಾದ್ರೆ ಆ ವಂಡಿ ಹತ್ರ ನಾನೂ ಕಾಲಿಡಲ್ಲ. ನಿಮ್ಮವ್ವನೂ ಅದನ್ನ ಏರಲ್ಲ."

ಅಪ್ಪ ಮಗಳ ಗದ್ದ ಒಂದೇ ಅಚ್ಚಿನದು. ಎರಡೂ ಒಟ್ಟಿಗೆ ಮೇಲೆದ್ದವು. ಅವಳು ವ್ಯಾನು ತಿರುಗಿಸಿದಳು. ನಾನು ಪಕ್ಕದಲ್ಲಿ ಕುಳಿತು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವಳನ್ನು ನಗಿಸೋಣವೆಂದು ಉಡುಮಲೈ ದಾಟುವವರೆಗೂ ಮಾವನ ದನಿಯಲ್ಲಿ ಮಾತಾಡಿದೆ. "ವಂಡಿ ಹೊರಗೇ ಇರ್ಲಿ, ಮಾಪ್ಳೇನೂ ಹೊರಗೇ ಇರ್ಲಿ, ಕೋಳಿ ಮಾತ್ರ ಒಳಗೆ ಬರ್ಲಿ." ಅವಳು ಮೊದಲು ನಕ್ಕಳು. ಆಮೇಲೆ ವ್ಯಾನು ಪಕ್ಕಕ್ಕೆ ಹಾಕಿ, ಸ್ಟಿಯರಿಂಗ್ ಹಿಡಿದುಕೊಂಡೇ, "ಸಾಕು ಕಣೋ. ನಿನ್ ಬಾಯಲ್ಲಿ ಅಪ್ಪನ್ ದನಿ ಕೇಳ್ತಿದ್ರೆ ಅವ್ರೇ ಪಕ್ಕ ಕೂತಂಗಾಗುತ್ತೆ," ಎಂದಳು. ನಾನು ಎಷ್ಟೋ ಜನರ ದನಿ ಮಾಡಿ ಚಪ್ಪಾಳೆ ತಗೊಂಡವನು. ಆ ದನಿಯನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ವಾರ ಅವಳು ಒಂದು ಡಬ್ಬ ಹಳದಿ ಬಣ್ಣ ತಂದಳು. ಅಲ್ಲಲ್ಲಿ ಉದುರಿದ್ದ ಕೋಳಿಮರಿಗೆ ಹೊಸ ಮೈ ಬಂತು, ಕೆಂಪು ಕೊಕ್ಕು ಬಂತು. ಮೊದಲಿಗೆ ಅದು ಪಾಪದ ಮರಿಯಾಗಿತ್ತು. ಈಗ ಎದುರಿಗೆ ಬಂದವರನ್ನು ಕುಟುಕುವಂತೆ ನೋಡುತ್ತದೆ.

ಅತ್ತೆ ಮಾತ್ರ ತಮ್ಮ ದಾರಿ ತಾವೇ ಮಾಡಿಕೊಂಡರು. ತಿಂಗಳಿಗೊಂದು ಸಲ ಉಡುಮಲೈ ಸಂತೆಗೆಂದು ಬಂದು, ಬಸ್ ಸ್ಟ್ಯಾಂಡಿನ ಹಿಂದೆ ನಿಂತಿರುತ್ತಿದ್ದ ನಮ್ಮನ್ನು ಹುಡುಕುತ್ತಿದ್ದರು. ಚೀಲದಲ್ಲಿ ಮುರುಕು, ಬಾಳೆಕಾಯಿ, ಪೊಟ್ಟಣದಲ್ಲಿ ನಾಯಿಗಳಿಗೆಂದು ಬೇಯಿಸಿದ ಮೊಟ್ಟೆ. ವ್ಯಾನಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಪಾದ ಎರಡನ್ನೂ ನೆಲದ ಮೇಲೆ ಒತ್ತಿ.

"ಒಳಗೆ ಬನ್ನಿ ಅತ್ತೆ, ಬಿಸಿಲು."

"ಏರ್ಬಾರ್ದು ಅಂದವ್ರಲ್ಲ ಸಾಮಿ. ನನ್ ಕಾಲು ನೆಲದಲ್ಲೇ ಅದೆ ನೋಡಿ. ಏರ್ಲಿಲ್ಲ." ಅಷ್ಟು ಹೇಳಿ ಸೊಂಟದಿಂದ ಮೇಲಿನ ಮೈಯನ್ನೆಲ್ಲ ಒಳಕ್ಕೆ ಬಗ್ಗಿಸಿ, ಹಿರಿಯಳ ತಲೆ ಸವರಿ, ಒಲೆ ನೋಡಿ, ಡೈನೋಸಾರಿನ ಬಾಲ ನೋಡಿ, "ಪರವಾಯಿಲ್ಲೆ, ನೀಟಾಗಿ ಅದೆ," ಎನ್ನುತ್ತಿದ್ದರು. ಆದರೆ ಹೊರಡುವಾಗ ಪ್ರತಿ ಸಲವೂ ಮಗಳ ಕೈ ಬಿಡಲು ತಡವಾಗುತ್ತಿತ್ತು. ಹಬ್ಬ ಹುಣ್ಣಿಮೆಗೆಲ್ಲ ಅಪ್ಪ ಅವಳ ಕೋಣೆಯ ಬಾಗಿಲು ತೆಗೆಸಿ ಗುಡಿಸಿಸುತ್ತಾರೆ, ಹೆಸರು ಮಾತ್ರ ಎತ್ತುವುದಿಲ್ಲ ಎಂದು ಹೇಳುತ್ತಿದ್ದರು. ಅವಳು ಮುಖ ತಿರುಗಿಸಿ ನಾಯಿಗೆ ಮೊಟ್ಟೆ ಬಿಡಿಸುತ್ತಿದ್ದಳು.

ಹೀಗೇ ಮೂರನೆಯ ದೀಪಾವಳಿಯೂ ಬಂದೀತು, ನಾವು ಬಸ್ ಸ್ಟ್ಯಾಂಡಿನಲ್ಲೇ ಮುದುಕರಾಗುತ್ತೇವೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ತಮಾಷೆ ಒಣಗುತ್ತಾ ಬಂದಿತ್ತು. ಆಗಲೇ, ಪೊಂಗಲ್ ಕಳೆದ ಮೇಲೆ, ಅತ್ತೆ ಫೋನಿನಲ್ಲಿ ಮಾತಿಗೆ ಮಾತು ಬಂದು, "ಕೊಯ್ಲು ಆಯ್ತು, ಈ ವಾರ ಪಟ್ಟಿ ಬರುತ್ತೆ," ಎಂದರು.

ಕುರಿ ಮಂದೆಯವರು ಕೊಯ್ದ ಗದ್ದೆಯಲ್ಲಿ ಬಲೆ ಕಟ್ಟಿ, ರಾತ್ರಿಯೆಲ್ಲ ಕುರಿ ಕೂಡಿಹಾಕಿ, ಮಣ್ಣಿಗೆ ಗೊಬ್ಬರ ಮಾಡಿಕೊಟ್ಟು, ಮರುದಿನ ಬಲೆಯನ್ನು ಪಕ್ಕದ ಜಾಗಕ್ಕೆ ಜರುಗಿಸುತ್ತಾರಲ್ಲ, ಅದನ್ನೇ ಇಲ್ಲಿ ಪಟ್ಟಿ ಹಾಕುವುದು ಎನ್ನುತ್ತಾರೆ. ನಮ್ಮ ಕಡೆ ಮಂದೆ ನಿಲ್ಲಿಸುವುದು ಎನ್ನುತ್ತೇವೆ. ಪಟ್ಟಿಯವರಿಗೂ ಮನೆಯಿಲ್ಲ, ಅವರ ಹತ್ತಿರವೂ ನಾಯಿಗಳಿವೆ, ಅವರೂ ಇವತ್ತು ಇಲ್ಲಿ ನಾಳೆ ಅಲ್ಲಿ. ಆದರೆ ಅವರು ಬರುವ ದಿನ ಮಾವ ದಾರಿ ಕಾಯುತ್ತಾರೆ. ಮೊದಲ ಸಂಜೆ ಗದ್ದೆಯ ಯಜಮಾನನೇ ಅನ್ನ ಹೊತ್ತುಕೊಂಡು ಹೋಗಿ, ಪಟ್ಟಿಯ ಜೊತೆ ಬಂದ ಎಲ್ಲರಿಗೂ ತನ್ನ ಕೈಯಿಂದ ಬಡಿಸಬೇಕು, ನಾಯಿಗೂ ಒಂದು ಕೈ ಅನ್ನ ಇಡಬೇಕು, ಆಮೇಲೆಯೇ ತಾನು ಉಣ್ಣಬೇಕು. ಅದು ಆ ಮನೆಯಲ್ಲಿ ನಡೆದುಕೊಂಡು ಬಂದದ್ದು. ಚಿಕ್ಕವಳಿದ್ದಾಗ ಮಜ್ಜಿಗೆ ಚೊಂಬು ಹಿಡಿದು ಅಪ್ಪನ ಹಿಂದೆ ನಡೆಯುತ್ತಿದ್ದವಳು ನನ್ನ ಹೆಂಡತಿಯೇ.

ಫೋನಿಟ್ಟ ಅವಳ ಗದ್ದ ಮೇಲೆದ್ದಿತ್ತು. "ರಜೆ ಹಾಕು," ಎಂದಳು.

"ಏನಂತ ಹಾಕ್ಲಿ?"

"ಕುರಿ ಕಾಯೋಕೆ ಅಂತ ಹಾಕು."

ಪಟ್ಟಿ ಆಗ ನದಿಯ ಆಚೆಯ ಗದ್ದೆಯಲ್ಲಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಪಟ್ಟಿಯಕ್ಕ ಎನ್ನುತ್ತಾರೆ. ಅವರ ಗಂಡನದು ಮಾತು ಕಡಿಮೆ, ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಾರೆ. ಅವರದೂ ಕನ್ನಡವೇ, ಮಾವನದಕ್ಕಿಂತ ಇನ್ನೊಂದು ಬಗೆಯದು. ನನ್ನ ಹೆಂಡತಿಯನ್ನು ಕಂಡು, "ಮಜ್ಜಿಗೆ ಚೆಲ್ಲೋ ಹುಡ್ಗಿ ಅಲ್ವಾ ನೀನು?" ಎಂದರು. ಅವಳು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ನಾವು ನಿಮ್ಮ ಪಟ್ಟಿಯ ಜೊತೆ ಬರುತ್ತೇವೆ, ನಮ್ಮಪ್ಪ ಅನ್ನ ಇಡುತ್ತಾರೋ ಇಲ್ಲವೋ ನೋಡಬೇಕು ಎಂದಳು.

ಅಕ್ಕ ವ್ಯಾನಿನ ಹಿಂಬದಿ ನೋಡಿದರು. "ಕೋಳಿಮರಿ ಏರೋ ವಂಡೀಲಿ ಕುರಿಮರಿ ಏರಲ್ವಾ? ಈ ವಾರ ಈದಿರೋ ಮರಿಗಳವೆ, ಸೇತುವೆ ದಾಟಿಸೋಕೆ ಹೊತ್ತು ಹೊತ್ತು ನಮ್ ಸೊಂಟ ಹೋಯ್ತದೆ."

"ಏರುತ್ವೆ."

"ಈ ನಾಯಿ?"

ಒಂದು ಮರಿಯನ್ನು ಕಿರಿಯನ ಎದುರು ಬಿಟ್ಟರು. ಮರಿ ಎರಡು ಹೆಜ್ಜೆ ಮುಂದಿಟ್ಟಿತು. ಕಿರಿಯ ಹಿಂದೆ ಹಿಂದೆ ಸರಿದು ಬಂದು ನನ್ನ ಕಾಲ ಸಂದಿಯಲ್ಲಿ ನಿಂತ. ಅಕ್ಕ ನೆಲಕ್ಕೆ ಕೂತು ನಕ್ಕರು. "ಇದು ನಾಯೋ ಕುರಿಯೋ! ಸರಿ, ಪಟ್ಟಿಗೆ ಇನ್ನೊಂದು ತಲೆ ಸೇರ್ತು."

ಮರುದಿನ ಮಧ್ಯಾಹ್ನ ಹೊರಟೆವು. ವ್ಯಾನಿನ ತುಂಬ ಮರಿಗಳು, ಅವುಗಳ ನಡುವೆ ಹಿರಿಯಳು ಆಫೀಸಿನ ಮೀಟಿಂಗಿಗೆ ಕೂತವಳಂತೆ. ಮುಂದೆ ಅಕ್ಕ ನಾಲಿಗೆ ಸುರುಳಿ ಮಾಡಿ ಒಂದು ಕೂಗು ಹಾಕುವುದು, ಮಂದೆ ಆ ದನಿಯ ಹಿಂದೆ ನೀರಿನಂತೆ ಹರಿಯುವುದು. ಆ ಕೂಗನ್ನು ಕೇಳಿದ ಮೇಲೆ ನನಗೆ ಬೇರೆ ಏನೂ ಕೇಳಿಸಲಿಲ್ಲ. ಗಂಟಲಿನಿಂದ ಶುರುವಾಗಿ ಮೂಗಿಗೆ ಏರಿ, ಕೊನೆಯಲ್ಲಿ ತುಟಿ ಬಡಿಯುವ ಕೂಗು. ಮಂದೆಯ ಪಕ್ಕದಲ್ಲಿ ಕಿರಿಯನ ಜೊತೆ ನಡೆಯುತ್ತಾ ಒಳಗೊಳಗೇ ಮಾಡಿ ನೋಡಿದೆ. ಬಂತು.

ಮಾವನ ಊರು ಮುಟ್ಟಿದಾಗ ಬಿಸಿಲು ತಗ್ಗಿತ್ತು. ಮಣ್ಣು ದಾರಿ ಒಂದು ಕಡೆ ಗದ್ದೆಗೆ ತಿರುಗುತ್ತದೆ, ನೇರ ಹೋದರೆ ಮಾವನ ಮನೆಯ ಗೇಟು. ಅಕ್ಕ ಗದ್ದೆಯ ಕಡೆ ತಿರುಗಿದರು. ನಾನು ಬೇರೊಂದು ಲೋಕದಲ್ಲಿ ನೇರ ಹೋಗುತ್ತಿದ್ದೆ. ಓಣಿಯ ಜನ ಹೊರಗೆ ಬಂದಿದ್ದರು. ಹೋದ ಸಲ ನಕ್ಕವರೇ. ಅವರ ಮುಂದೆ ಒಂದು ಸಲ ಮಾಡಿ ತೋರಿಸದಿದ್ದರೆ ನಾನು ನಾನೇ ಅಲ್ಲ. ಬಾಯಿ ತುಂಬ ಕೂಗಿಬಿಟ್ಟೆ.

ಇಡೀ ಮಂದೆ ತಿರುಗಿತು. ಅಕ್ಕನನ್ನು ಬಿಟ್ಟು ನನ್ನ ಹಿಂದೆ ಬಂತು. ನಾನು ಹೆದರಿ ಓಡಿದೆ. ಓಡಿದಷ್ಟೂ ಕುರಿಗಳೂ ಓಡಿದವು. ಕಿರಿಯ ನನಗಿಂತ ಮುಂದೆ ಓಡಿದ. ಎದುರಿಗೆ ಗೇಟು ತೆರೆದಿತ್ತು. ಎಲ್ಲಿಂದ ಒಂದು ವರ್ಷ ನಮ್ಮನ್ನು ಹೊರಗಿಟ್ಟಿದ್ದರೋ ಆ ಗೇಟಿನಿಂದಲೇ ಮೊದಲು ನಾಯಿ, ಆಮೇಲೆ ನಾನು, ನನ್ನ ಹಿಂದೆ ಮಂದೆಯೆಲ್ಲ ಒಳಗೆ ನುಗ್ಗಿದೆವು.

ಅಂಗಳದಲ್ಲಿ ಒಣಗಲು ಹಾಕಿದ್ದ ಕೊತ್ತಂಬರಿ ಬೀಜದ ಮೇಲೆ ಕುರಿ, ಬಾಳೆಯ ಬುಡದಲ್ಲಿ ಕುರಿ, ಜಗಲಿಯ ಮೇಲೆ ಎರಡು ಕುರಿ. ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಮಾವ ಕೋಲು ಹಿಡಿದು ಹೊರಗೆ ಬಂದರು. ಕೋಲು ಮೇಲೆತ್ತಿದರು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ ಪಟ್ಟಿಯಕ್ಕ ಗೇಟಿನಲ್ಲಿ ನಿಂತು, "ಮೊದಲ್ನೇ ದಿನ ಬಂದ ಪಟ್ಟೀನ ಕೋಲೆತ್ತಿ ತಿರುಗಿಸ್ತೀರಾ ಅಣ್ಣಾ? ನಿಮ್ಮಪ್ಪಾರು ಹಂಗ್ ಮಾಡ್ದವ್ರಲ್ಲ," ಎಂದರು.

ಕೋಲು ಕೆಳಗಿಳಿಯಿತು. ಮಾವ ನನ್ನನ್ನು ನೋಡಿದರು. ನನ್ನ ತಲೆ ತುಂಬ ಹುಲ್ಲು, ಕೈಯಲ್ಲಿ ಒಂದು ಚಪ್ಪಲಿ.

"ಇವ್ರು ಯಾರು?" ಎಂದು ಅಕ್ಕನನ್ನು ಕೇಳಿದರು.

"ಪಟ್ಟಿಯವ್ರು."

"ಆ ನಾಯಿ?"

"ಪಟ್ಟೀದೇ."

ಮಾವ ಕೋಲನ್ನು ಗೋಡೆಗೆ ಒರಗಿಸಿದರು. ಒಳಗೆ ತಿರುಗಿ, "ಅಕ್ಕಿ ಜಾಸ್ತಿ ಹಾಕು," ಎಂದು ಅತ್ತೆಗೆ ಹೇಳಿದರು.

ಕುರಿಗಳನ್ನು ಗದ್ದೆಗೆ ಹೊಡೆದು ಬಲೆ ಕಟ್ಟಿದೆವು. ಹೆಂಡತಿ ವ್ಯಾನನ್ನು ಗದ್ದೆಯ ಆ ತುದಿಯಲ್ಲಿ ನಿಲ್ಲಿಸಿ, ಮರಿಗಳನ್ನು ತಾಯಂದಿರಿಗೆ ಒಪ್ಪಿಸಿ, ಡ್ರೈವರ್ ಸೀಟಿನಲ್ಲಿ ಹೋಗಿ ಕೂತಳು. ನಾನು ಕರೆದರೂ ಇಳಿಯಲಿಲ್ಲ. ಹೊತ್ತು ಮುಳುಗುವ ಮುಂಚೆ ಮಾವ ಅನ್ನದ ಪಾತ್ರೆ ಹೊತ್ತು ಬಂದರು, ಅತ್ತೆ ಮಜ್ಜಿಗೆ ಹಿಡಿದು ಹಿಂದೆ. ಅಕ್ಕನಿಗೆ, ಅವರ ಗಂಡನಿಗೆ ಬಡಿಸಿದರು. ನನ್ನ ಎಲೆಗೆ ಬಡಿಸುವಾಗ, ನಮ್ಮ ಕಡೆಯ ಕನ್ನಡವನ್ನು ನ್ಯೂಸ್ ಓದುವ ಗತ್ತಿನಲ್ಲಿ ಎಳೆದು, "ಸಾಕಾ, ಇನ್ನೂ ಸ್ವಲ್ಪ ಬಡಿಸಲೇ?" ಎಂದರು. ನನ್ನದೇ ದನಿ, ನನ್ನದೇ ಕತ್ತಿನ ಕೊಂಕು. ಮಿಮಿಕ್ರಿ ಮಾಡಿಸಿಕೊಳ್ಳುವುದು ಇಷ್ಟು ಉರಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಪಟ್ಟಿಯ ನಾಯಿಗಳಿಗೆ ಒಂದೊಂದು ಕೈ ಅನ್ನ. ಕಿರಿಯನಿಗೂ ಒಂದು ಕೈ. ಮಾವ ನೆಟ್ಟಗಾಗಿ ಸುತ್ತಲೂ ನೋಡಿದರು.

"ಇನ್ನೊಂದು ಎಲ್ಲಿ?"

"ವ್ಯಾನಲ್ಲಿದೆ ಮಾವ. ಕಿವಿ ಕೇಳ್ಸಲ್ಲ, ಇಳಿಯೋಕೆ ಕಾಲೂ ಬರಲ್ಲ."

ನಾನು ತಗೊಂಡು ಹೋಗುತ್ತೇನೆ ಎಂದು ಕೈ ಚಾಚಬಹುದಿತ್ತು. ಚಾಚಲಿಲ್ಲ. ಯಜಮಾನನ ಕೈಯಿಂದಲೇ ಆಗಬೇಕು ಎಂಬುದು ಅವರ ಮನೆಯ ಕಟ್ಟಳೆ, ನನ್ನದಲ್ಲ. ಮಾವ ಪಾತ್ರೆ ಹಿಡಿದು ನಿಂತರು. ಪಟ್ಟಿಯಕ್ಕ ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಕೂಳೆಯ ಮೇಲೆ ಚಪ್ಪಲಿ ಸದ್ದು ಮಾಡುತ್ತಾ ವ್ಯಾನಿನ ಕಡೆ ನಡೆದರು.

ಹಿರಿಯಳು ಬಾಗಿಲಲ್ಲೇ ಮಲಗಿದ್ದಳು. ಅನ್ನ ಮೂಸಿದಳು, ಸುಮ್ಮನಾದಳು. ಮಾವ ಅವಳ ಬಾಯಿ ನೋಡಿ, ಹಲ್ಲಿಲ್ಲ ಎಂದು ತಾವೇ ಹೇಳಿಕೊಂಡು, ಮಜ್ಜಿಗೆ ತರಿಸಿ ಅನ್ನ ಕಿವುಚಿದರು. ಬಗ್ಗಿ ಬಗ್ಗಿ ಸೊಂಟ ನೊಂದಿರಬೇಕು, ಮೆಟ್ಟಿಲ ಮೇಲೆ ಕೂತರು.

"ವಂಡಿ ಹತ್ರ ಕಾಲಿಡಲ್ಲ ಅಂದಿದ್ರಲ್ಲ?" ಎಂದು ಅತ್ತೆ ಕೇಳಿದರು.

"ಕಾಲು ನಮ್ ನೆಲದಲ್ಲೇ ಅದೆ," ಎಂದರು ಮಾವ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಹಿರಿಯಳು ಉಂಡು ಮುಗಿಸಿ ಅವರ ಬೆರಳು ನೆಕ್ಕಿದಳು. ಡ್ರೈವರ್ ಸೀಟಿನಿಂದ, ಹಿಂದೆ ತಿರುಗದೆಯೇ, ಹೆಂಡತಿ ಹೇಳಿದಳು: "ಅಪ್ಪಾ, ಕೋಳಿಮರಿ ಅಳಿಸಲ್ಲ."

"ಈಗ ಕೇಳ್ದವ್ರು ಯಾರು? ಎಲೆ ಹಾಕಿ ಅದೆ, ಬಂದು ಉಣ್ಣು."

"ಮನೆಗೆ ಬರಲ್ಲ."

"ಮನೇಲಲ್ಲ. ಗದ್ದೇಲಿ."

ಅವಳು ಇಳಿದು ಬಂದು, ನನ್ನ ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ ಉಂಡಳು. ಮಾವ ಅವಳ ಎಲೆಗೆ ಮೂರು ಸಲ ಬಡಿಸಿದರು. ಯಾರೂ ಕ್ಷಮೆ ಕೇಳಲಿಲ್ಲ. ಆ ಮನೆಯಲ್ಲಿ ಆ ಅಭ್ಯಾಸವಿಲ್ಲ.

ನಾವು ವ್ಯಾನಿನಲ್ಲೇ ಮಲಗಿದೆವು. ಬೆಳಗಾದರೆ ಮಾವ ಬಾಗಿಲು ಬಡಿಯುತ್ತಿದ್ದರು. "ಪಟ್ಟಿ ಜರುಗ್ತಾ ಅದೆ, ವಂಡಿ ಜರುಗ್ಸಿ ಮಾಪ್ಳೆ. ಆ ಮರದಡಿ ಬೇಡ, ತೆಂಗಿನ ಮಟ್ಟೆ ಬಿದ್ದೀತು, ಇತ್ಲಾಗೆ." ಬಲೆ ದಿನಕ್ಕೊಂದು ತುಂಡು ಜರುಗಿತು, ವ್ಯಾನೂ ಜರುಗಿತು. ಓಣಿಯವರು ನೋಡಲು ಬಂದರೆ ಮಾವ ಮುಖ ಗಂಟಿಕ್ಕಿ, "ಪಟ್ಟಿಯವ್ರು," ಎನ್ನುತ್ತಿದ್ದರು. ಒಬ್ಬ, "ಕೋಳಿ ಪಟ್ಟಿಯಾ?" ಎಂದು ನಕ್ಕ. "ಹೌದು, ಕೋಳಿ ಪಟ್ಟಿ. ನಿಮ್ ಗದ್ದೆಗೂ ಬೇಕಾ?" ಎಂದು ಮಾವ ತಿರುಗಿ ಕೇಳಿದ್ದನ್ನು ನಾನು ಪರದೆಯ ಹಿಂದಿನಿಂದ, ಡೈನೋಸಾರಿನ ಬಾಲ ಹಿಡಿದುಕೊಂಡು ಕೇಳಿಸಿಕೊಂಡೆ.

ಗದ್ದೆ ಮನೆಯ ಕಡೆಗೆ ಮುಗಿಯುತ್ತದೆ. ಹಾಗಾಗಿ ಪಟ್ಟಿ ಕೊನೆಯ ತುಂಡಿಗೆ ಬಂದಾಗ ನಮ್ಮ ವ್ಯಾನಿನ ಮೂಗು ಗೇಟಿನ ಹತ್ತಿರವೇ ಇತ್ತು. ಆ ಬೆಳಿಗ್ಗೆ ಪಟ್ಟಿಯಕ್ಕ ಬಲೆ ಸುತ್ತಿ ಕತ್ತೆಯ ಮೇಲೆ ಹೇರಿದರು, ನನಗೆ ಮಾತ್ರ ಕೇಳುವಂತೆ, "ಇನ್ಮೇಲೆ ನನ್ ಕೂಗು ಕೂಗ್ಬೇಡ, ಬಡಿದ್ಬುಡ್ತೀನಿ," ಎಂದು ಹೇಳಿ, ಮಂದೆ ಹೊಡೆದುಕೊಂಡು ಹೋದರು. ಮರಿಗಳು ಅಷ್ಟು ದಿನದಲ್ಲಿ ನಡೆಯಲು ಕಲಿತಿದ್ದವು.

ನಾನು ಮಂಚ ಮಡಚಿದೆ. ಹೆಂಡತಿ ಕೀಲಿ ಕೈಯಲ್ಲಿ ಹಿಡಿದು ಗೇಟಿನ ಹೊರಗೆ ನಿಂತಿದ್ದಳು, ಮಾವ ಒಳಗೆ.

"ಪಟ್ಟಿ ಹೋಯ್ತಲ್ಲಪ್ಪಾ. ನಾವೂ ಹೊರಡೋದಾ?"

ಮಾವ ಅಂಗಳದ ಕಡೆ ತಿರುಗಿದರು. ಬಾವಿಯ ಪಕ್ಕ, ತುಳಸಿಗಿಂತ ಸ್ವಲ್ಪ ಆಚೆ, ವ್ಯಾನು ಹಿಡಿಸುವಷ್ಟು ಜಾಗವಿತ್ತು. ಅವತ್ತು ಬೆಳಿಗ್ಗೆಯೇ ಯಾರೋ ಅದನ್ನು ಗುಡಿಸಿದ್ದರು.

"ಆ ಮೂಲೆ ಇನ್ನೂ ಬಾಕಿ ಅದೆ," ಎಂದರು.

ನಮ್ಮ ಹತ್ತಿರ ಒಂದು ಕುರಿಯೂ ಇರಲಿಲ್ಲ. ಎರಡು ನಾಯಿ, ಒಂದು ಕೋಳಿಮರಿಯ ಚಿತ್ರ, ನಾನು. ಇಷ್ಟರಿಂದ ಆ ಮೂಲೆಗೆ ಎಷ್ಟು ಗೊಬ್ಬರವಾದೀತು ಎಂದು ಕೇಳಲು ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದು, ಡ್ರೈವರ್ ಸೀಟು ಏರಿ, ವ್ಯಾನನ್ನು ತಿರುಗಿಸಿದಳು. ಬೇಕೆಂದೇ ಹಿಂದುಹಿಂದಾಗಿ ಒಳಗೆ ಬಿಟ್ಟಳು, ಕೋಳಿಮರಿ ಮೊದಲು ಗೇಟು ದಾಟಲಿ ಎಂದು. ಮಾವ ಪಕ್ಕಕ್ಕೆ ಸರಿದು, ಕೈಬೀಸಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ," ಎಂದು ದಾರಿ ತೋರಿಸುತ್ತಿದ್ದರು.